ಲಾಕರಿನಲ್ಲಿರದ ಸರ

2020ರ ದಸರಾ ಮುಗಿದ ಮರುವಾರ ಮೈಸೂರಿನ ನನ್ನ ಆಪ್ತಸಲಹೆಯ ಕೊಠಡಿಗೆ ಮೂವತ್ತಾರರ ಡಾಕ್ಟರೊಬ್ಬರು ಬಂದರು. ಖಾಸಗಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. (ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.) ನಿದ್ದೆ ಬರುವುದಿಲ್ಲ ಎಂದರು. ಮುಕ್ಕಾಲು ಗಂಟೆ ಸೋಂಕಿನ ಭಯವನ್ನೇ ಹೇಳಿಕೊಂಡರು. ನಾನೂ ನಂಬಿ ಬರೆದುಕೊಂಡೆ. ಹೊರಡುವಾಗ ಶುಲ್ಕ ಕೊಡಲು ಪರ್ಸ್ ತೆರೆದರು. ಮಡಿಸಿಟ್ಟಿದ್ದ ಚೀಟಿಯೊಂದು ಜಾರಿ ಬಿತ್ತು. ಚಿನ್ನದ ಸಾಲದ ರಸೀದಿ. ಎತ್ತಿಕೊಳ್ಳಲು ಬಗ್ಗಿದವರು ಮತ್ತೆ ಕುಳಿತುಬಿಟ್ಟರು.

ಅಡವಿಟ್ಟದ್ದು ಮದುವೆಯಲ್ಲಿ ಮಾವ ಹಾಕಿದ ಸರ. ಹೆಂಡತಿಗೆ, "ಪಿಪಿಇ ಕಿಟ್ ಹಾಕುವಾಗ ತೊಡಕಾಗುತ್ತದೆ, ಲಾಕರಿನಲ್ಲಿಟ್ಟಿದ್ದೇನೆ" ಎಂದಿದ್ದರಂತೆ.

ಅವರು ಸಂಬಳದವರಲ್ಲ, ಡ್ಯೂಟಿ ಲೆಕ್ಕದವರು. ಹನ್ನೆರಡು ಗಂಟೆಗೆ 5,000 ರೂಪಾಯಿ, ತಿಂಗಳಿಗೆ 24 ಡ್ಯೂಟಿ. ಪಿಎಫ್ ಇಲ್ಲ, ರಜೆಗೆ ಕಾಸಿಲ್ಲ. ಲಾಕ್‌ಡೌನಿನಲ್ಲಿ ವಾಹನಗಳು ನಿಂತವು, ಅಪಘಾತಗಳು ಇಳಿದವು. ಎದೆನೋವು ಬಂದವರೂ ಆಸ್ಪತ್ರೆಗೆ ಹೋದರೆ ಸೋಂಕು ತಗಲೀತೆಂದು ಮನೆಯಲ್ಲೇ ಉಳಿದರು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳೂ ನಿಂತವು. ಡ್ಯೂಟಿ 15ಕ್ಕೆ ಇಳಿಯಿತು, ದರ 4,000ಕ್ಕೆ. 1,20,000 ಬರುತ್ತಿದ್ದ ಕಡೆ 60,000. ಮನೆ ಸಾಲದ ಕಂತೇ 38,000. ಮದ್ದೂರಿನ ಕಡೆ ಇರುವ ತಂದೆತಾಯಿಗೆ ಕಳುಹಿಸುವ 15,000ದಲ್ಲಿ ಒಂದು ರೂಪಾಯಿಯನ್ನೂ ತಗ್ಗಿಸಿರಲಿಲ್ಲ. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಕೊಟ್ಟ ಅವಕಾಶ ಆಗಸ್ಟ್ 31ಕ್ಕೆ ಮುಗಿಯಿತು. ಅಷ್ಟರಲ್ಲಿ ಬಡ್ಡಿ ಬೆಳೆದಿತ್ತು. ಸೆಪ್ಟೆಂಬರಿನಲ್ಲಿ ಸರ ಹೋಯಿತು.

ಆ ಸಲ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದವರು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್. ಟಿವಿಯಲ್ಲಿ ನೋಡಿದ ತಂದೆ ಫೋನ್ ಮಾಡಿ, "ನೋಡಪ್ಪ, ಈ ವರ್ಷ ತಾಯಿಯ ಮುಂದೆ ಡಾಕ್ಟರುಗಳಿಗೇ ಮೊದಲ ಮರ್ಯಾದೆ" ಎಂದರಂತೆ.

"ಅದಾದ ಮೇಲೆ ಅರ್ಧ ದುಡಿಮೆ ಎಂದು ಯಾವ ಬಾಯಿಂದ ಹೇಳಲಿ, ಮೇಡಂ? ನನಗಿರುವ ಬೆಲೆಯೇ ಇಷ್ಟು."

ಆ ಕೊನೆಯ ಮಾತನ್ನು ನಾನು ಬಿಡಲಿಲ್ಲ. 2020ರ ಏಪ್ರಿಲ್ ಹೊತ್ತಿಗೆ ಅಮೆರಿಕದ ತುರ್ತು ವಿಭಾಗಗಳಿಗೆ ಬರುವವರು ಹಿಂದಿನ ವರ್ಷಕ್ಕಿಂತ ಶೇ. 42ರಷ್ಟು ಕಡಿಮೆಯಾಗಿದ್ದರು, ಅಲ್ಲಿಯ ತುರ್ತು ವೈದ್ಯರೂ ಪಾಳಿ ಕಳೆದುಕೊಂಡರು. ಅವರೆಲ್ಲರ ಬೆಲೆಯೂ ಒಂದೇ ತಿಂಗಳಲ್ಲಿ ಕುಸಿಯಿತೇ ಎಂದು ಕೇಳಿದೆ. "ಅಮೆರಿಕದವರು ನನ್ನ ಕಂತು ಕಟ್ಟುತ್ತಾರೆಯೇ?" ಎಂದು ನಕ್ಕರು. ನಗು ಬಂತಲ್ಲ, ಸಾಕೆನಿಸಿತು.

ಸಲಹೆಯಲ್ಲಿ ಮೊದಲನೆಯದು, ಆ ವಾರವೇ ರಸೀದಿಯನ್ನು ಹೆಂಡತಿಯ ಕೈಗೆ ಕೊಡುವುದು. ಡ್ಯೂಟಿ ಮುಗಿಸಿ ಬಂದ ದಣಿವಿನಲ್ಲಲ್ಲ, ನಿದ್ದೆ ಮಾಡಿ ಎದ್ದ ಮೇಲೆ. ಮಂಡ್ಯದ ನರ್ಸಿಂಗ್ ಹೋಮೊಂದರಲ್ಲಿ ಇನ್ನಷ್ಟು ರಾತ್ರಿ ಪಾಳಿ ಹಿಡಿಯುವ ಯೋಚನೆಯನ್ನು ನೇರವಾಗಿಯೇ ವಿರೋಧಿಸಿದೆ. ಆಗಲೇ ಒಮ್ಮೆ ಬೆಳಗಿನ ಜಾವ ಶ್ರೀರಂಗಪಟ್ಟಣದ ಹತ್ತಿರ ಬೈಕಿನಲ್ಲಿ ತೂಕಡಿಸಿದ್ದರು. ದರ ಕಡಿತ ಎಷ್ಟು ತಿಂಗಳು ಎಂಬುದನ್ನು ಆಸ್ಪತ್ರೆಯಿಂದ ಬರಹದಲ್ಲಿ ಕೇಳಿ ಎಂದೆ. "ಎಲ್ಲರಿಗೂ ಕಷ್ಟವೇ ಅಲ್ಲವೇ" ಎಂಬ ಬಾಯಿಮಾತು ಒಪ್ಪಂದವಲ್ಲ.

ಹಣದ ಲೆಕ್ಕ ನನ್ನ ಕೆಲಸವಲ್ಲ, ಆಡಿಟರ್ ಬಳಿಗೆ ಕಳುಹಿಸಿದೆ. ನಿಜವಾದ ಗಂಟು ಬಿಚ್ಚಿದ್ದು ಅಲ್ಲಿ. ಹಿಂದಿನ ವರ್ಷದ ಗಳಿಕೆ 14,40,000, ಆಸ್ಪತ್ರೆ ಶೇ. 10ರಂತೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿತ್ತು. ಡಾಕ್ಟರು ಅದನ್ನು ಹೋದ ಹಣವೆಂದುಕೊಂಡು ರಿಟರ್ನ್ ಸಲ್ಲಿಸಿಯೇ ಇರಲಿಲ್ಲ! ವೈದ್ಯರಂಥ ವೃತ್ತಿಪರರು ಆಗ 50 ಲಕ್ಷದೊಳಗಿನ ಗಳಿಕೆಯ ಅರ್ಧವನ್ನೇ ಆದಾಯವೆಂದು ತೋರಿಸಬಹುದಿತ್ತು. ಮನೆ ಸಾಲದ ಬಡ್ಡಿ, ಅಸಲು ಕಳೆದರೆ ತೆರಿಗೆಯೇ ಬೀಳುತ್ತಿರಲಿಲ್ಲ. 1,44,000 ರೂಪಾಯಿ ವಾಪಸು ಬರಬೇಕಿತ್ತು. ಗಡುವು ಡಿಸೆಂಬರ್ 31ಕ್ಕೆ ಮುಂದೆ ಹೋಗಿದ್ದದ್ದು ಅದೃಷ್ಟ.

ಎರಡನೇ ಭೇಟಿಗೆ ಹೆಂಡತಿಯೂ ಬಂದಿದ್ದರು.

"ಲಾಕರಿನ ಕೀಲಿ ಇರುವುದೇ ನನ್ನ ಬೀರುವಿನಲ್ಲಿ, ಮೇಡಂ. ಸುಳ್ಳು ಹೇಳುತ್ತಿದ್ದಾರೆ ಎಂದು ಅವತ್ತೇ ಗೊತ್ತಾಯಿತು. ಯಾಕೆಂದು ಗೊತ್ತಾಗದೆ ಏನೇನೋ ಯೋಚಿಸಿಕೊಂಡು ನಾನೂ ನಿದ್ದೆ ಕೆಟ್ಟೆ."

ಡಾಕ್ಟರು ತಲೆ ತಗ್ಗಿಸಿದರು. ಉಳಿದ ಸಮಯವನ್ನೆಲ್ಲ ನಾನು ಆಕೆಗೇ ಕೊಟ್ಟೆ.

ಮರುವರ್ಷ ಸರ ಬಿಡಿಸಿಕೊಂಡರು. ತಂದೆಗೆ ಮಾತ್ರ ಹೇಳಲಿಲ್ಲ. ತಿಂಗಳ 15,000 ತಪ್ಪದೆ ಹೋಗುತ್ತಿತ್ತು. ಅದು ಈಗ ಇಬ್ಬರೂ ಕುಳಿತು ಮಾಡಿದ ತೀರ್ಮಾನ ಎಂದರು. ನಾನು ಒತ್ತಾಯಿಸಲಿಲ್ಲ.