ಕೆಲ್ಟಿಬೀರಿಯನ್ ಶಾಸನಗಳನ್ನು ನಿಘಂಟಿಲ್ಲದೆ ಓದುವುದು ಹೇಗೆ? ಬೊತೊರ್ರಿತಾ ಫಲಕದ ಅನುವಾದ ನಂಬಬಹುದೇ?

ಓದುವುದು ಬೇರೆ, ಅರ್ಥವಾಗುವುದು ಬೇರೆ. ಸ್ಪೇನಿನ ಈ ಅಳಿದ ಕೆಲ್ಟಿಕ್ ಭಾಷೆಯ ಉಚ್ಚಾರ ಬಹುಮಟ್ಟಿಗೆ ಗೊತ್ತು, ವ್ಯಾಕರಣವೂ ಸಾಕಷ್ಟು ಗೊತ್ತು. ತೊಡಕಿರುವುದು ಪದಗಳ ಅರ್ಥದಲ್ಲಿ. ಹಾಗಾಗಿ ಬೊತೊರ್ರಿತಾ ಎಂಬ ಊರಿನಲ್ಲಿ ಸಿಕ್ಕ, ಈ ಭಾಷೆಯ ಬರಹವಿರುವ ಕಂಚಿನ ಫಲಕದ ಪೂರ್ತಿ ಅನುವಾದ ಎಂದು ಯಾರಾದರೂ ಕೊಟ್ಟರೆ ಅದನ್ನು ಒಂದು ಊಹೆ ಎಂದಷ್ಟೇ ತೆಗೆದುಕೊಳ್ಳಿ.

ಮೊದಲು ಲಿಪಿ. ಅದು ನೆರೆಯ ಐಬೀರಿಯನ್ನರಿಂದ ಬಂದದ್ದು; ಅದನ್ನು ಬಿಡಿಸಿದವರು 1920ರ ದಶಕದಲ್ಲಿ ಸ್ಪೇನಿನ ವಿದ್ವಾಂಸ ಮನುಯೆಲ್ ಗೋಮೆಸ್-ಮೊರೇನೊ. ಸ್ವರಗಳಿಗೂ ಲ್, ರ್, ಮ್, ನ್, ಸ್‌ಗಳಿಗೂ ಬಿಡಿ ಅಕ್ಷರಗಳಿವೆ. ಕ, ತ, ಬಗಳಿಗೆ ಮಾತ್ರ ಕ-ಕೆ-ಕಿ-ಕೊ-ಕು ಎಂದು ಗುಣಿತವೇ ಅಕ್ಷರ. ಕ, ಗಗಳಿಗೆ ಸಾಮಾನ್ಯವಾಗಿ ಒಂದೇ ಗುರುತು, ಒತ್ತಕ್ಷರವಂತೂ ಇಲ್ಲ. ಸೆಗೊಬ್ರಿಗಾ ಎಂಬ ಊರಿನ ನಾಣ್ಯದ ಮೇಲೆ 'ಸೆಕೊಬಿರಿಕೆಜ಼್' ಎಂದಿರುವುದು ಇದರಿಂದಲೇ. 'ಬಿರಿ'ಯ ಮೊದಲ ಇಕಾರ ಬರವಣಿಗೆಯದು, ನಾಲಿಗೆಯದಲ್ಲ. ಹೊಸಬರು ಎಡವುವುದು ಇಲ್ಲೇ: ಬರೆದದ್ದನ್ನೆಲ್ಲ ಉಚ್ಚಾರವೆಂದು ಹಿಡಿದು ವೆಲ್ಶ್, ಐರಿಷ್‌ನಂಥ ಕೆಲ್ಟಿಕ್ ಭಾಷೆಗಳ ಪದಗಳಿಗೆ ಹೋಲಿಸಲು ಹೊರಡುತ್ತಾರೆ.

ಕಲಿಯಲು ನಾನು ಸೂಚಿಸುವುದು ಪ್ಯಾರಿಸ್ಸಿನಲ್ಲಿರುವ ಫ್ರೋನರ್ ತೆಸ್ಸೆರಾ. ಆತಿಥ್ಯದ ಒಪ್ಪಂದಕ್ಕೆ ಗುರುತಾಗಿ ಕೊಡುತ್ತಿದ್ದ, ಕೈಗೆ ಕೈ ಕೂಡಿಸಿದ ಆಕಾರದ ಪುಟ್ಟ ಕಂಚು. ಬರಹ ಇಷ್ಟೇ: 'ಲುಬೊಸ್ ಅಲಿಸೊಕುಮ್ ಅವಲೊ ಕೆ ಕೊಂತೆಬಿಯಜ಼್ ಬೆಲಾಯಿಸ್ಕಜ಼್'. ಲುಬೊಸ್ ಎಂಬುದು ಪ್ರಥಮಾ ವಿಭಕ್ತಿಯಲ್ಲಿರುವ ವ್ಯಕ್ತಿಯ ಹೆಸರು. '-ಕುಮ್' ಷಷ್ಠೀ ಬಹುವಚನ: ಅಲಿಸೊಕರ ಮನೆತನದವನು. 'ಅವಲೊ' ಷಷ್ಠೀ ಏಕವಚನ, ತಂದೆಯ ಹೆಸರು. 'ಕೆ' ಎಂದರೆ 'ಕೆಂತಿಸ್', ಮಗ; ಬೊತೊರ್ರಿತಾದ ಮೂರನೆಯ ಫಲಕದಲ್ಲಿ ಈ ಪದ ಪೂರ್ತಿಯಾಗಿಯೇ ಸಿಗುತ್ತದೆ. ಕೊನೆಯ '-ಜ಼್' ಪಂಚಮೀ: ಕೊಂತ್ರೆಬಿಯಾ ಬೆಲಾಯಿಸ್ಕಾದಿಂದ ಬಂದವನು. 'ತ್ರೆ' ಬರೆಯಲು ದಾರಿಯಿಲ್ಲದೆ ರಕಾರ ಬಿದ್ದುಹೋಗಿದೆ. ಹೆಸರು, ಮನೆತನ, ತಂದೆ, ಊರು ಎಂಬ ಈ ಅಚ್ಚು ಬೇರೆ ಶಾಸನಗಳಲ್ಲೂ ಮತ್ತೆ ಮತ್ತೆ ಬರುವುದರಿಂದಲೇ ವಿಭಕ್ತಿಗಳು ಗಟ್ಟಿಯಾದವು.

ಇನ್ನು ಅನುವಾದದ ಪ್ರಶ್ನೆ. ಸರಗೋಸಾ ಬಳಿ 1970ರಲ್ಲಿ ಸಿಕ್ಕ ಬೊತೊರ್ರಿತಾದ ಮೊದಲ ಫಲಕ ಸುಮಾರು 40 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ್ದು. ಎರಡೂ ಬದಿ ಬರಹವಿದೆ. ಹಿಂಬದಿಯಲ್ಲಿ ಹೆಸರುಗಳ ಪಟ್ಟಿ. ಮುಂಬದಿಯಲ್ಲಿ 'ನೆಕುಎ … ಲಿತೊಮ್' ಎಂಬ ಜೋಡಿ ಮೂರು ಸಲ ಬರುತ್ತದೆ. ಪದದ ಬಾಲಕ್ಕೆ ಅಂಟುವ '-ಕುಎ' ಲ್ಯಾಟಿನ್ನಿನ '-ಕ್ವೆ', ಸಂಸ್ಕೃತದ 'ಚ'ದ ಒಡಹುಟ್ಟು; 'ನೆ' ಎಂದರೆ 'ಇಲ್ಲ', 'ಲಿತೊಮ್' ಎಂದರೆ 'ಅನುಮತಿಯುಂಟು' ಎಂದು ಹಿಡಿಯುತ್ತಾರೆ. ಹಾಗಾಗಿ 'ಇದಕ್ಕೂ ಅನುಮತಿಯಿಲ್ಲ, ಅದಕ್ಕೂ ಅನುಮತಿಯಿಲ್ಲ' ಎಂಬ ನಿಷೇಧಗಳ ಸರಣಿ ಇದು ಎನ್ನುವುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಆದರೆ ನಿಷೇಧ ಯಾವುದಕ್ಕೆ? ನಡುವಿನ 'ತಿಜ಼ಉನೆಯಿ'ಯಲ್ಲಿ '-ಉನೆಯಿ' ಎಂಬುದು 'ಮಾಡಲು' ಎನ್ನುವಂಥ ಕ್ರಿಯಾರೂಪದ ಪ್ರತ್ಯಯ ಎಂದು ಹೇಳಬಹುದು, ಧಾತುವಿನ ಅರ್ಥದಲ್ಲಿ ಒಮ್ಮತವಿಲ್ಲ. ಅನುವಾದಗಳು ಒಂದಕ್ಕೊಂದು ಹೊಂದದಿರುವುದು ಇದರಿಂದ.

ಅದೇ ಜಾಗದಲ್ಲಿ ಒಂದು ಲ್ಯಾಟಿನ್ ಫಲಕವೂ ಸಿಕ್ಕಿದೆ. ಅದು ಕ್ರಿ.ಪೂ. 87ರ ಕಾಲುವೆ ವ್ಯಾಜ್ಯದ ತೀರ್ಪು, ಇದರ ಅನುವಾದವಲ್ಲ, ಎರಡನ್ನೂ ಬೆರೆಸಬೇಡಿ. ಇನ್ನೊಂದು: ಹಳೆಯ ಆವೃತ್ತಿಗಳಲ್ಲಿ 'ಸ್' ಎಂದಿದ್ದ ಅಕ್ಷರ ಹೊಸವುಗಳಲ್ಲಿ 'ಜ಼್' ಆಗಿದೆ. ಪುಸ್ತಕದ ಲಿಪ್ಯಂತರ ಪಟ್ಟಿ ನೋಡದೆ ಎರಡು ಕಡೆಯ ಪಾಠಗಳನ್ನು ಹೋಲಿಸಿದರೆ ಪಂಚಮಿಯೇ ಕಣ್ತಪ್ಪಿ ಹೋಗುತ್ತದೆ.