ಅವ್ವನಿಗೆ ಬೆಳಕಿನ ಹೆಲ್ಮೆಟ್ ತರಿಸಬೇಕಾ?

ಪ್ರಶ್ನೆ: ಅವ್ವನಿಗೆ 74 ವರ್ಷ. ಅಲ್ಜೈಮರ್ ಇದೆ, ಮಾತ್ರೆ ನಡೀತಿದೆ. ಸಂಜೆಯಾದರೆ ‘ನಮ್ಮನಿಗೆ ಹೋಗ್ತೀನಿ’ ಅಂತ ಬಾಗಿಲಿಗೆ ಬರುತ್ತಾರೆ. ರಾತ್ರಿ ಮಲಗಲ್ಲ. ತಲೆಗೆ ಬೆಳಕು ಬಿಡುವ ಹೆಲ್ಮೆಟ್‌ನಿಂದ ವಾಸಿಯಾಗುತ್ತೆ ಅಂತ ತಮ್ಮ ಮೊಬೈಲಿನಲ್ಲಿ ನೋಡಿದ್ದಾನೆ. ಬೆಲೆ ಲಕ್ಷದ ಹತ್ತಿರ. ತರಿಸೋಣವಾ?
– ಓದುಗರು, ಸಿಂಧನೂರು

ಉತ್ತರ: ಸದ್ಯಕ್ಕೆ ಬೇಡ. ಅಲ್ಜೈಮರ್ ವಾಸಿ ಮಾಡುವ ಯಂತ್ರ ಯಾವುದೂ ಇಲ್ಲ. ಈ ಹೆಲ್ಮೆಟ್‌ಗಳು ಬಿಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಅದರಲ್ಲಿ ಬಹುಪಾಲು ಚರ್ಮ, ತಲೆಬುರುಡೆಯಲ್ಲೇ ನಿಂತುಬಿಡುತ್ತೆ. ಪ್ರಯೋಗಗಳೂ ಚಿಕ್ಕವು.

ಸೆಕೆಂಡಿಗೆ 40 ಸಲ ಮಿನುಗುವ ಬೆಳಕೂ ಅಲ್ಜೈಮರ್‌ಗೆ ಒಳ್ಳೆಯದು ಅಂತಾರೆ, ಅದರದು ಬೇರೆ ಕಥೆ. 2016ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇಲಿಗಳಿಗೆ ಈ ಬೆಳಕು ತೋರಿಸಿದಾಗ ಮಿದುಳಿನ ಅಮಿಲಾಯ್ಡ್ (ಅಲ್ಜೈಮರ್‌ನಲ್ಲಿ ಮಿದುಳಿನಲ್ಲಿ ಕೂಡಿಕೊಳ್ಳುವ ಪ್ರೋಟೀನ್) ಕಡಿಮೆಯಾಗಿತ್ತು. 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ಅದನ್ನೇ ಮಾಡಿ ನೋಡಿತು, ಕಡಿಮೆಯಾಗಲಿಲ್ಲ. ವಿಡಿಯೋದವರು ಮೊದಲನೆಯದನ್ನಷ್ಟೇ ಹೇಳ್ತಾರೆ! ಫಿಟ್ಸ್ ಇರುವವರಿಗಂತೂ ಮಿನುಗುವ ಬೆಳಕು ಅಪಾಯ.

ಆದರೆ ನಿಮ್ಮ ನಿಜವಾದ ಕಷ್ಟ ಸಂಜೆ ಗಾಬರಿ, ರಾತ್ರಿ ನಿದ್ದೆ, ಅಲ್ವಾ? ಅದಕ್ಕೆ ಸಾದಾ ಬೆಳಕೇ ಸ್ವಲ್ಪ ಸಹಾಯ ಮಾಡಬಹುದು. ನೆದರ್‌ಲ್ಯಾಂಡ್ಸ್‌ನ 12 ವೃದ್ಧಾಶ್ರಮಗಳಲ್ಲಿ ಹಗಲಿಡೀ ಸುಮಾರು 1,000 ಲಕ್ಸ್ (ಬೆಳಕಿನ ಅಳತೆ) ದೀಪ ಹಚ್ಚಿ ನೋಡಿದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಖಿನ್ನತೆ ಕಡಿಮೆಯಿತ್ತು, ಮರೆವು ಏರುವ ವೇಗ ತುಸು ತಗ್ಗಿತ್ತು. ತುಸು ಮಾತ್ರ.

ರಾಯಚೂರು ಸೀಮೆಯ ಬಿಸಿಲಿಗೆ ನಾವು ಬೆಳಿಗ್ಗೆ ಹತ್ತಕ್ಕೇ ಕಿಟಕಿ, ಬಾಗಿಲು ಹಾಕಿ ಮನೆ ಕತ್ತಲು ಮಾಡಿಕೊಳ್ತೀವಿ. ಅವ್ವ ದಿನವಿಡೀ ಆ ಮಬ್ಬಿನಲ್ಲೇ ತೂಕಡಿಸಿದರೆ ಮಿದುಳಿಗೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗಬೇಕು ಹೇಗೆ? ಬಿಸಿಲು ಏರುವ ಮೊದಲೇ ಕಟ್ಟೆ ಮೇಲೆ ಅರ್ಧ ಮುಕ್ಕಾಲು ಗಂಟೆ ಕೂರಿಸಿ. ಚಹಾ ಅಲ್ಲೇ ಕೊಡಿ. ಸೊಪ್ಪು ಬಿಡಿಸಲು ಕೊಟ್ಟರೆ ಇನ್ನೂ ಒಳ್ಳೆಯದು, ಸುಮ್ನೆ ಕೂತರೆ ಎದ್ದು ಹೊರಟುಬಿಡ್ತಾರೆ. ಸೂರ್ಯನನ್ನು ನೇರ ನೋಡುವುದು ಬೇಡ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಹೊತ್ತು ಮುಳುಗುವ ಮೊದಲೇ ಪಡಸಾಲೆಯ ಲೈಟೆಲ್ಲಾ ಹಾಕಿ. ನೆರಳು ಕಂಡು ಬೆದರುವುದು ಕಡಿಮೆಯಾಗುತ್ತೆ. ಮಲಗುವ ಹೊತ್ತಿಗೆ ಲೈಟು, ಟಿವಿ ಆರಿಸಿ.

ಕಣ್ಣಿನ ಪೊರೆ ಇದೆಯಾ ಅಂತ ತೋರಿಸಿ. ಪೊರೆ ಬಂದ ಕಣ್ಣಿಗೆ ಬೆಳಕು ಸರಿಯಾಗಿ ಇಳಿಯುವುದಿಲ್ಲ. ರಾತ್ರಿ ಡೊನೆಪೆಜಿಲ್ ಅನ್ನುವ ಅಲ್ಜೈಮರ್ ಮಾತ್ರೆ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ, ಕೆಲವರಿಗೆ ಅದು ನಿದ್ದೆ ಕೆಡಿಸುತ್ತೆ. ಗಲಾಟೆ ಒಂದೆರಡು ದಿನದಲ್ಲೇ ದಿಢೀರನೆ ಜಾಸ್ತಿಯಾದರೆ ಕಾಯಬೇಡಿ. ಉರಿಮೂತ್ರ, ಮಲಬದ್ಧತೆಯಿಂದಲೂ ಹೀಗಾಗುತ್ತೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.