ವಿದ್ಯಾರ್ಥಿಯಾಗಿರುವಾಗಲೇ ಉಚಿತ ಕಾನೂನು ನೆರವು ಕೊಡಬಹುದಾ?

ಮೂರನೇ ವರ್ಷದ ಕಾನೂನು ವಿದ್ಯಾರ್ಥಿ ಬಡವರ ಕೇಸುಗಳಿಗೆ ಏನು ಮಾಡಬಹುದು, ಬರೀ ಫೈಲ್ ಹೊರುವುದಷ್ಟೇ ಉಳಿಯುತ್ತದಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವವರೆಗೆ ನೀವಾಗಿಯೇ ಸಲಹೆ ಕೊಡಬೇಡಿ, ವಕೀಲರೊಬ್ಬರ ಮೇಲ್ವಿಚಾರಣೆ ಬೇಕೇ ಬೇಕು. ಅದು ಬಿಟ್ಟರೆ ಕೆಲಸ ಬೇಕಾದಷ್ಟಿದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಮೊದಲ ಭೇಟಿ. ಕಷ್ಟದಲ್ಲಿರುವವರು ಎಷ್ಟೋ ಸಲ ಕಥೆಯನ್ನು ನಡುವಿನಿಂದ ಶುರು ಮಾಡುತ್ತಾರೆ. ತಡೆಯಬೇಡಿ, ಪೂರ್ತಿ ಕೇಳಿ. ಆಮೇಲೆ ನಡೆದದ್ದನ್ನೆಲ್ಲ ತಾರೀಖಿನ ಪ್ರಕಾರ ಬರೆಯಿರಿ. ಒಂದೊಂದರ ಪಕ್ಕ ಅದಕ್ಕಿರುವ ಕಾಗದಪತ್ರ ಯಾವುದು ಅಂತ ಗುರುತು ಹಾಕಿ. ನೋಟಿಸ್ ಬಂದಿದ್ದರೆ ಉತ್ತರ ಕೊಡಲು ಕೊನೆಯ ದಿನ ಯಾವುದು ಅಂತ ಅವತ್ತೇ ನೋಡಿ ವಕೀಲರಿಗೆ ತಿಳಿಸಿ. ನ್ಯಾಯ ತಮ್ಮ ಕಡೆಗಿದ್ದೂ ಗಡುವು ಮೀರಿದ್ದಕ್ಕೆ ಸೋಲುವವರನ್ನು ಕಂಡರೆ ತುಂಬಾ ಸಂಕಟ ಆಗುತ್ತದೆ.

ಕಕ್ಷಿದಾರರ ವಿಷಯ ಗೆಳೆಯರ ಹತ್ತಿರವೂ ಬೇಡ.

ಇದೆಲ್ಲ ಲೆಕ್ಕಕ್ಕೆ ಬರುತ್ತದಾ ಅನ್ನುವ ಅನುಮಾನ ಬಿಡಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2015ರಿಂದ ವಕೀಲರಾಗಲು ಬರುವ ಬಹುತೇಕರು ಮೊದಲೇ 50 ಗಂಟೆ ಇಂಥ ಸೇವೆ ಮಾಡಿರಬೇಕು. ಓದುವಾಗ ಮೇಲ್ವಿಚಾರಣೆಯಲ್ಲಿ ಮಾಡಿದ್ದೂ ಅದಕ್ಕೆ ಸೇರುತ್ತದೆ.

ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ ಅಂತ ಮೊದಲೇ ಹೇಳಿಬಿಡಿ. ಪರೀಕ್ಷೆಗೆ ಬಿಡಬೇಕಾದರೆ ನಿಮ್ಮ ಟಿಪ್ಪಣಿಗಳನ್ನು ಮುಂದಿನವರಿಗೆ ಒಪ್ಪಿಸಿ ಹೋಗಿ.